ಮಳೆಗಾಲದಲ್ಲಿ ಕರೆಂಟೇ ಇಲ್ಲ, ಡಿಜಿಟಲ್ ಪಾಠ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಸೋಮವಾರಪೇಟೆ ತಾಲೂಕಿನ ಶಾಂತಳ್ಳಿ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಸಮಾಜ ಪಾಠ ಮಾಡುತ್ತೇನೆ. 6ರಿಂದ 8ನೇ ತರಗತಿವರೆಗೆ ಸುಮಾರು ನಲವತ್ತು ಮಕ್ಕಳು. ಅರ್ಧದಷ್ಟು ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿ ಕಾರ್ಮಿಕರ ಸಾಲು ಮನೆಗಳಿಂದ ಬರುವವರು. ದಾನಿಗಳು ಕೊಟ್ಟ ನಾಲ್ಕು ಹಳೆ ಕಂಪ್ಯೂಟರ್ ಇವೆ, ಎರಡು ಓಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಹೇಳಲಾಗದು. ನೆಟ್‌ವರ್ಕ್ ಬೇಕೆಂದರೆ ಮೇಲಿನ ರಸ್ತೆಗೆ ಹತ್ತಬೇಕು. ಎಲ್ಲಿ ಹೋದರೂ ಡಿಜಿಟಲ್ ಸಾಕ್ಷರತೆ, ಕೋಡಿಂಗ್, ಎಐ ಅಂತಾರೆ. ನನಗೇ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ಪೋಷಕರಲ್ಲಿ ಕೆಲವರು ಮಕ್ಕಳ ಕೈಗೆ ಮೊಬೈಲ್ ಕೊಡಲೇಬೇಡಿ ಅಂತಾರೆ. ಹತ್ತಿರದ ತೋಟದ ಮಾಲೀಕರೊಬ್ಬರು ಹತ್ತು ಟ್ಯಾಬ್ ಕೊಡಿಸುತ್ತೇನೆ ಅಂದಿದ್ದಾರೆ. ಏನು ಮಾಡಲಿ?

ಉತ್ತರ:

ಮೇಡಂ, ಟ್ಯಾಬ್ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಶುರು ಎಲ್ಲಿಂದ ಅನ್ನೋದನ್ನು ನೋಡೋಣ.

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸೆಪ್ಟೆಂಬರ್‌ವರೆಗೆ ಕರೆಂಟ್ ನಂಬೋಕಾಗಲ್ಲ ಅಂದಿರಿ. ಅಂದರೆ ಆಮೇಲೆ ನಂಬಬಹುದು. ಹಾಗಾದರೆ ಶಾಲೆಯ ವರ್ಷವನ್ನು ಮಳೆ ನೋಡಿಕೊಂಡು ಎರಡು ಭಾಗ ಮಾಡಿ. ಮಳೆಗಾಲದಲ್ಲಿ ಕಂಪ್ಯೂಟರ್ ಮುಟ್ಟದೆ ಪಾಠ. ದಸರಾ ರಜೆ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಪಾಠ. ಬೇರೆ ದಾರಿ ಇಲ್ಲ ಅಂತ ಹೀಗೆ ಹೇಳುತ್ತಿಲ್ಲ. ಇಡೀ ವರ್ಷ ಕರೆಂಟ್ ಇದ್ದಿದ್ದರೂ ನಾನು ಇದೇ ಕ್ರಮ ಹೇಳುತ್ತಿದ್ದೆ.

ಯಾಕೆ ಅಂದರೆ, ಗುಂಡಿ ಒತ್ತೋದು ಮಕ್ಕಳಿಗೆ ಆಗಲೇ ಗೊತ್ತು. ಹಳ್ಳಿ ಮಕ್ಕಳ ಕಲಿಕೆ ನೋಡುವ ಅಸರ್ ಅನ್ನುವ ಸಮೀಕ್ಷೆ 2024ರಲ್ಲಿ 14ರಿಂದ 16 ವರ್ಷದ ಮಕ್ಕಳನ್ನು ಮಾತಾಡಿಸಿತ್ತು. ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತಿತ್ತು. ಹಿಂದಿನ ವಾರ ಓದಿನ ಕೆಲಸಕ್ಕೆ ಫೋನ್ ಬಳಸಿದವರು ಸುಮಾರು ಶೇ 57, ಸೋಶಿಯಲ್ ಮೀಡಿಯಾ ನೋಡಿದವರು ಸುಮಾರು ಶೇ 76. ಸೋಶಿಯಲ್ ಮೀಡಿಯಾ ಬಳಸುವವರಲ್ಲಿ ಒಂದು ಪ್ರೊಫೈಲನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡೋದು ಗೊತ್ತಿದ್ದವರು ಶೇ 62 ಮಾತ್ರ. ನಿಮ್ಮ ಮಕ್ಕಳು ಇನ್ನೂ ಚಿಕ್ಕವರು, ಆದರೆ ಅವರು ಹೋಗುತ್ತಿರುವ ದಾರಿ ಇದೇ. ಅವರಿಗೆ ಫೋನ್ ತೆರೆಯೋಕೆ ಯಾರೂ ಕಲಿಸಬೇಕಾಗಿಲ್ಲ. ತೆರೆದ ಮೇಲೆ ಕಾಣಿಸಿದ್ದನ್ನು ಅನುಮಾನದಿಂದ ನೋಡೋಕೆ ಕಲಿಸಬೇಕು. ಅದಕ್ಕೆ ಕರೆಂಟ್ ಬೇಡ, ನೆಟ್‌ವರ್ಕೂ ಬೇಡ. ಮತ್ತೆ ಅದು ಕನ್ನಡ, ಸಮಾಜ ಕಲಿಸುವವರ ಕೆಲಸವೇ, ಅಲ್ವಾ?

ಮೊದಲ ಪಾಠಕ್ಕೆ ನಿಮ್ಮ ಊರಿಗಿಂತ ಒಳ್ಳೆ ಜಾಗ ಇಲ್ಲ. ಜುಲೈನಲ್ಲಿ ಮಳೆ ಹಿಡಿದರೆ ಕೊಡಗಿನ ಮಕ್ಕಳು ರಾತ್ರಿ ಎಲ್ಲಕ್ಕಿಂತ ಆಸೆಯಿಂದ ಕಾಯೋದು ಯಾವ ಸಂದೇಶಕ್ಕೆ? "ನಾಳೆ ಶಾಲೆಗಳಿಗೆ ರಜೆ." ಅದರಲ್ಲಿ ನಿಜವಾದದ್ದೂ ಬರುತ್ತೆ, ಸುಳ್ಳೂ ಬರುತ್ತೆ. ಹೋದ ವರ್ಷದ ಆದೇಶದ ಫೋಟೋ ತೆಗೆದು ತಾರೀಕು ಇರುವ ಭಾಗ ಕತ್ತರಿಸಿ ಹಾಕೋರು ಇರುತ್ತಾರೆ. ಪಕ್ಕದ ಜಿಲ್ಲೆಯದ್ದು ಬರುತ್ತೆ. ಒಂದೆರಡು ತಾಲೂಕಿಗೆ ಮಾತ್ರ ಕೊಟ್ಟ ರಜೆ, ಫಾರ್ವರ್ಡ್ ಆಗ್ತಾ ಆಗ್ತಾ ಇಡೀ ಜಿಲ್ಲೆಯ ರಜೆ ಆಗಿಬಿಡುತ್ತೆ. ಅಂಥ ನಾಲ್ಕೈದು ಸಂದೇಶಗಳನ್ನು ನೀವು ಹಾಳೆ ಮೇಲೆ ಬರೆದು ತನ್ನಿ. ನಿಜವಾದದ್ದು ಒಂದು, ಉಳಿದವು ನೀವೇ ಕೆಡಿಸಿದ್ದು. ಮಕ್ಕಳನ್ನು ಗುಂಪು ಮಾಡಿ ಕೂರಿಸಿ ಹಾಳೆ ಕೊಟ್ಟುಬಿಡಿ. ಯಾವುದನ್ನು ನಂಬಿ ಬ್ಯಾಗ್ ಮೂಲೆಗೆ ಹಾಕ್ತೀರಿ, ಯಾಕೆ?

ಆಗ ನೋಡಿ ಏನೇನು ಕೇಳ್ತಾರೆ ಅಂತ. ಯಾರು ಹೊರಡಿಸಿದ್ದು? ತಾರೀಕು ಯಾವುದು? ಯಾವ ತಾಲೂಕು? ಅಂಗನವಾಡಿಗೂ ಸೇರಿಯೋ, ಪಿಯುವರೆಗೋ? ಸಹಿ ಇದೆಯಾ? ಜಿಲ್ಲಾಡಳಿತದ ಪುಟದಲ್ಲಿ ಇದೇ ಇದೆಯಾ, ಹೆಡ್‌ಮಾಸ್ಟರ್‌ಗೆ ಬಂದಿದೆಯಾ? ಈ ಪ್ರಶ್ನೆಗಳನ್ನು ನೀವು ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರೆ ಮರುದಿನಕ್ಕೆ ಮರೆತು ಹೋಗುತ್ತಿತ್ತು. ರಜೆ ಅವರ ಸ್ವಂತ ವಿಷಯ. ಸುಳ್ಳು ಸಂದೇಶ ನಂಬಿ ಮನೆಯಲ್ಲಿ ಕೂತು ಆಮೇಲೆ ಬೈಸಿಕೊಂಡ ಮಕ್ಕಳು ತರಗತಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರೇ ನಿಮ್ಮ ಸಹಾಯಕ ಶಿಕ್ಷಕರು.

ಎರಡನೇ ವಾರ ಆನೆಗೆ ಬನ್ನಿ. "ತೋಟದ ಗೇಟ್ ಹತ್ತಿರ ಆನೆ ಇದೆ, ಯಾರೂ ಬರಬೇಡಿ" ಅಂತ ಊರಿನ ಗ್ರೂಪಲ್ಲಿ ಬಂತು ಅಂದುಕೊಳ್ಳಿ. ಇಲ್ಲಿ ಲೆಕ್ಕ ಉಲ್ಟಾ. ಸುಳ್ಳಿರಬಹುದು ಅಂತ ಉದಾಸೀನ ಮಾಡಿ ಹೋದರೆ ಜೀವಕ್ಕೇ ಅಪಾಯ. ಅದಕ್ಕೆ ಮೊದಲು ದಾರಿ ಬಿಡಬೇಕು, ಪರೀಕ್ಷೆ ಆಮೇಲೆ. ಆದರೆ ಅದನ್ನು ಇನ್ನೊಂದು ಗ್ರೂಪಿಗೆ ಕಳಿಸುವ ಮೊದಲು ಯಾವ ಗೇಟ್, ಎಷ್ಟು ಹೊತ್ತಿಗೆ, ನೋಡಿದ್ದು ಯಾರು ಅಂತ ಸೇರಿಸಲೇಬೇಕು. ಹೊತ್ತು ಹಾಕದ ಆನೆ ಸಂದೇಶ ಮೂರು ದಿನ ಆದರೂ ಊರು ಸುತ್ತುತ್ತಿರುತ್ತೆ, ಆನೆ ಅಷ್ಟರಲ್ಲಿ ಬೇರೆ ತೋಟ ಸೇರಿರುತ್ತೆ. ಎಲ್ಲಾ ಸಂದೇಶಕ್ಕೂ ಒಂದೇ ನಿಯಮ ಇಲ್ಲ ಅನ್ನೋದು ಮಕ್ಕಳಿಗೆ ಇದರಿಂದ ಹತ್ತುತ್ತೆ. ನಂಬಿದರೆ ಏನು ನಷ್ಟ, ನಂಬದೆ ಇದ್ದರೆ ಏನು ನಷ್ಟ, ಎರಡನ್ನೂ ತೂಗಬೇಕು. 8ನೇ ತರಗತಿಯವರ ಕೈಲಿ ಒಂದು ಸರಿಯಾದ ಆನೆ ಸಂದೇಶ ಬರೆಸಿ ನೋಡಿ. ಎರಡು ಸಾಲು ಮೀರಬಾರದು. ಒಳ್ಳೆ ಕನ್ನಡ ಪಾಠವೂ ಆಗುತ್ತೆ.

2018ರ ಆಗಸ್ಟ್ ವಿಷಯವನ್ನು ಹುಷಾರಾಗಿ ಎತ್ತಿ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಿದ್ದು ಎಷ್ಟೋ ಮನೆಗಳಿಗೆ ಇನ್ನೂ ಹಳೆಯ ಮಾತಲ್ಲ. ಅಂಥ ಅನಾಹುತ ಆದಾಗಲೆಲ್ಲ ಬೇರೆ ಊರಿನ, ಬೇರೆ ವರ್ಷದ ವಿಡಿಯೋಗಳು ಇಲ್ಲಿಯದ್ದು ಅಂತ ಹರಿದಾಡುತ್ತವೆ, ಅಷ್ಟು ಹೇಳಿದರೆ ಸಾಕು. ಗುಡ್ಡ ಕುಸಿಯುವ ವಿಡಿಯೋ ತಂದು ತರಗತಿಯಲ್ಲಿ ತೋರಿಸಬೇಡಿ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕಳ್ಳ ಅನ್ನುವ ವದಂತಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ದೇಶದ ಬೇರೆ ಕಡೆಯೂ ಹೀಗೇ ಆಗಿತ್ತು. ಅದಾದ ಮೇಲೆಯೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಅಂತ ಮಿತಿ ಹಾಕಿದ್ದು. ದೊಡ್ಡ ಮಕ್ಕಳಿಗೆ ಇದನ್ನು ಹೇಳಬಹುದು. ಆ ಮಿತಿ ಯಾಕೆ ಬಂತು ಅಂತ ಗೊತ್ತಾದರೆ ತುಂಬಾ ಸಲ ಫಾರ್ವರ್ಡ್ ಆಗಿದೆ ಅಂತ ತೋರಿಸುವ ಎರಡು ಬಾಣದ ಗುರುತು ಕಂಡಾಗ ಕೈ ಸ್ವಲ್ಪ ತಡೆಯುತ್ತೆ.

ಈಗ ಕೋಡಿಂಗ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ರ ಹಂತದಲ್ಲಿ ಕೋಡಿಂಗ್ ಚಟುವಟಿಕೆ ಇರಲಿ ಅಂದಿದೆ. ಹೆದರಬೇಡಿ. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಒಂದು ಪದ್ಧತಿ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಿಂದ ಬಂದಿದೆ. ಸಿಎಸ್ ಅನ್‌ಪ್ಲಗ್ಡ್ ಅಂತ ಹೆಸರು. ಚಟುವಟಿಕೆಗಳೆಲ್ಲ ಪುಕ್ಕಟೆ ಸಿಗುತ್ತವೆ. ಐದು ರಟ್ಟಿನ ಚೀಟಿ ಮಾಡಿ, 1, 2, 4, 8, 16 ಚುಕ್ಕಿ ಹಾಕಿ. ಐದು ಮಕ್ಕಳು ಒಂದೊಂದು ಹಿಡಿದು ನಿಲ್ಲಲಿ. ಬೇಕಾದದ್ದು ತೋರಿಸಿ, ಬೇಡವಾದದ್ದು ತಿರುಗಿಸಿದರೆ 0ರಿಂದ 31ರವರೆಗೆ ಯಾವ ಸಂಖ್ಯೆ ಬೇಕಾದರೂ ಬರುತ್ತೆ. ಕಂಪ್ಯೂಟರ್ ಒಳಗೆ ಎಲ್ಲವೂ ಹೌದು-ಇಲ್ಲ ಅಂತ ಎರಡೇ ಸ್ಥಿತಿಯಲ್ಲಿ ಇರೋದು ಅಂದರೆ ಏನು ಅಂತ ಆ ಮಕ್ಕಳಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಇನ್ನೊಂದು, ಕಾಗದದ ದೋಣಿ. ಒಬ್ಬರು ಬೆನ್ನು ತಿರುಗಿಸಿ ನಿಂತು ಬಾಯಲ್ಲಿ ಮಾತ್ರ ಹೇಳಬೇಕು, ಉಳಿದವರು ಹೇಳಿದಷ್ಟೇ ಮಡಚಬೇಕು. "ಅರ್ಧ ಮಡಚಿ" ಅಂದರೆ ಉದ್ದಕ್ಕೋ ಅಡ್ಡಕ್ಕೋ? ಅಲ್ಲಿಗೇ ಗಲಾಟೆ ಶುರು. ದೋಣಿ ಆಗೋವರೆಗೆ ಸೂಚನೆಗಳನ್ನು ತಿದ್ದುತ್ತಾ ಹೋಗಿ ಬರೆಸಿ. ಕೋಡಿಂಗ್ ಅಂದರೆ ಮುಕ್ಕಾಲು ಭಾಗ ಇದೇ. ಹೊರಗೆ ನೀರು ಹರಿಯುತ್ತಿರುತ್ತೆ, ದೋಣಿ ಬಿಟ್ಟೂ ಬರಬಹುದು.

ಮಳೆಗಾಲದ ದೊಡ್ಡ ಕೆಲಸ ಅಂದರೆ ಮಳೆ ಅಳೆಯೋದು. ಇದನ್ನು ದಯವಿಟ್ಟು ಬಿಡಬೇಡಿ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲ್ ತಗೊಂಡು ಮೇಲಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆ ಥರ ಕೂರಿಸಿ. ತಳ ಉಬ್ಬುತಗ್ಗು ಇರುತ್ತೆ, ಅದಕ್ಕೆ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ತುಂಬಿ, ಆ ಮಟ್ಟವನ್ನು ಸೊನ್ನೆ ಅಂತ ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸೂರಿನ ನೀರು, ಮರದ ಹನಿ ಬೀಳದ ಕಡೆ ಇಡಬೇಕು. ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಿಗ್ಗೆ 8.30ರಿಂದ 8.30ಕ್ಕೆ ಲೆಕ್ಕ ಹಾಕುತ್ತೆ, ನೀವೂ ಆ ಹೊತ್ತಿಗೇ ನೋಡಿಸಿ. ನಿಮ್ಮ ಕಡೆಯ ಮಳೆಗೆ ಬಾಟಲ್ ಉದ್ದದ್ದೇ ಇರಲಿ, ಇಲ್ಲದಿದ್ದರೆ ರಾತ್ರಿಯೇ ತುಂಬಿ ಹೊರಗೆ ಚೆಲ್ಲುತ್ತೆ. ರಜಾ ದಿನ ಯಾರು ನೋಡಬೇಕು ಅಂತ ಮಕ್ಕಳೇ ಜಗಳ ಆಡಿ ತೀರ್ಮಾನ ಮಾಡಲಿ. ನೋಡೋಕೆ ಆಗದ ದಿನ ಖಾಲಿ ಬಿಡಬೇಕು. ಸೊನ್ನೆ ಬರೆಯಬಾರದು, ಅಂದಾಜಿಗೆ ಏನೋ ಬರೆಯೋದಂತೂ ಇಲ್ಲವೇ ಇಲ್ಲ. ಮಳೆ ಬರಲಿಲ್ಲ ಅನ್ನೋದು ಬೇರೆ, ನಾವು ನೋಡಲಿಲ್ಲ ಅನ್ನೋದು ಬೇರೆ. ಈ ಒಂದು ವ್ಯತ್ಯಾಸ ತಿಳಿಯದೆ ದೊಡ್ಡ ದೊಡ್ಡ ಕಚೇರಿಗಳ ವರದಿಗಳೂ ಹಾಳಾಗುತ್ತವೆ.

ಟ್ಯಾಬ್ ಕೊಡಿಸ್ತೀನಿ ಅಂದ ಆ ಮಾಲೀಕರ ತೋಟದಲ್ಲೂ ರೈನ್ ಗೇಜ್ ಇರುತ್ತೆ, ಕೇಳಿ ನೋಡಿ. ಕೊಡಗಿನ ಎಷ್ಟೋ ತೋಟಗಳಲ್ಲಿ ದಶಕಗಳ ಮಳೆ ಲೆಕ್ಕ ಪುಸ್ತಕದಲ್ಲಿ ಇದೆ. ಕಾಫಿ ಹೂ ಅರಳಿಸುವ ಫೆಬ್ರವರಿ-ಮಾರ್ಚ್‌ನ ಹೂಮಳೆ ಎಷ್ಟು ಬಿತ್ತು ಅನ್ನೋದರ ಮೇಲೆ ರೋಬಸ್ಟಾ ಕಾಫಿ ಫಸಲಿನ ಹಣೆಬರಹ ನಿಂತಿರುವಾಗ ಬರೆದಿಡದೆ ಇರ್ತಾರಾ? ಅವರ ಲೆಕ್ಕ ಇಂಚಿನಲ್ಲಿ ಇರುತ್ತೆ, ನಿಮ್ಮದು ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಅಲ್ಲಿಗೆ ಗಣಿತ ಮೇಷ್ಟ್ರೂ ನಿಮ್ಮ ಜೊತೆ ಸೇರಿಕೊಂಡರು.

ಅಕ್ಟೋಬರ್ ಬಂತು ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ತೆಗೀರಿ. ಕೆಟ್ಟಿರುವ ಆ ಎರಡನ್ನೂ ಒಮ್ಮೆ ಯಾರಿಗಾದರೂ ತೋರಿಸಿ. ನಮ್ಮ ಕಡೆಯ ತೇವಕ್ಕೆ ತಿಂಗಳುಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಕೆಡೋದೇ ಜಾಸ್ತಿ. ಮಳೆಗಾಲದಲ್ಲೂ ಕರೆಂಟ್ ಬಂದ ದಿನ ವಾರಕ್ಕೊಮ್ಮೆ ಅರ್ಧ ಗಂಟೆ ಸುಮ್ನೆ ಓಡಿಸಿ, ಒಳಗಿನ ಬಿಸಿಗೆ ತೇವ ಹೋಗುತ್ತೆ. ಆನ್ ಮಾಡಿದಾಗಲೆಲ್ಲ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಚಿಕ್ಕ ಬಿಲ್ಲೆ ಬ್ಯಾಟರಿ ಸತ್ತಿದೆ ಅಂತ ಅರ್ಥ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತೆ. ಏಪ್ರಿಲ್-ಮೇ ಗುಡುಗು ಸಿಡಿಲಿನ ಕಾಲದಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು.

ಎರಡು ಕಂಪ್ಯೂಟರಿಗೆ ನಲವತ್ತು ಮಕ್ಕಳು ಹೇಗೆ ಅಂತ ಕೇಳ್ತೀರಿ. ಒಟ್ಟಿಗೆ ಕೂರಿಸಲೇಬೇಡಿ. ಮೂರು ಮೂರು ಜನ, ಉಳಿದವರಿಗೆ ಅದೇ ವಿಷಯದ ಬರೆಯುವ ಕೆಲಸ. ಕೀಬೋರ್ಡ್ ಹಿಡಿಯುವವರು ಒಬ್ಬರು, ಓದಿ ಹೇಳುವವರು ಒಬ್ಬರು, ತಪ್ಪು ಹಿಡಿಯುವವರು ಒಬ್ಬರು. ಹತ್ತು ನಿಮಿಷಕ್ಕೆ ಬದಲಾಗಬೇಕು. ಇದನ್ನು ಗಡಿಯಾರ ನೋಡಿ ಮಾಡಿಸಿ, ಇಲ್ಲದಿದ್ದರೆ ಮೌಸ್ ಯಾವಾಗಲೂ ಇಬ್ಬರು ಜೋರು ಹುಡುಗರ ಕೈಯಲ್ಲೇ ಇರುತ್ತೆ. ಅದೇ ಅಸರ್ ಸಮೀಕ್ಷೆಯಲ್ಲಿ ಫೋನ್ ಬಳಸಲು ಬರುವ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು ಸುಮಾರು ಶೇ 36, ಹುಡುಗಿಯರಲ್ಲಿ ಸುಮಾರು ಶೇ 27. ಮನೆಯಲ್ಲಿ ಇರುವ ಅಂತರ ಶಾಲೆಯಲ್ಲೂ ಮುಂದುವರಿಯೋದು ಬೇಡ.

ಕಂಪ್ಯೂಟರಿನಲ್ಲಿ ಮೊದಲು ಮಾಡಿಸಬೇಕಾದದ್ದು ಆ ಮಳೆ ಲೆಕ್ಕವನ್ನೇ. ಲಿಬ್ರೆ ಆಫೀಸ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ನೆಟ್ ಇಲ್ಲದೆ ಓಡುತ್ತೆ. ಅದರ ಕ್ಯಾಲ್ಕ್‌ನಲ್ಲಿ ಒಂದು ಕಾಲಂ ತಾರೀಕು, ಒಂದು ಕಾಲಂ ಮಿ.ಮೀ. ಮೊತ್ತ, ಸರಾಸರಿ, ಅತಿ ಹೆಚ್ಚು, ಆಮೇಲೆ ಒಂದು ಚಾರ್ಟ್. ತಿಂಗಳುಗಟ್ಟಲೆ ತಾವೇ ನೆನೆದುಕೊಂಡು ಬರೆದ ಅಂಕಿಗಳು ಒಂದು ಕ್ಲಿಕ್ಕಿಗೆ ಚಿತ್ರ ಆಗಿ ನಿಂತಾಗ ಮಕ್ಕಳ ಮುಖ ನೋಡಬೇಕು ನೀವು. ತೋಟದ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆ ಆಗದೆ ಇರಬಹುದು. ಆಗಲೇ ಒಳ್ಳೆಯದು. ಜಾಗ ಬೇರೆಯಾ, ನೋಡಿದ ಹೊತ್ತು ಬೇರೆಯಾ, ಬಾಟಲ್ ತುಂಬಿ ಚೆಲ್ಲಿತ್ತಾ? ಭಾಗಮಂಡಲದಲ್ಲಿ ಸುರಿಯುವಷ್ಟು ಕುಶಾಲನಗರದಲ್ಲಿ ಸುರಿಯಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಅರ್ಧ ಮೈಲಿ ದೂರದ ಎರಡು ಗೇಜ್ ಯಾಕೆ ಬೇರೆ ಹೇಳ್ತವೆ ಅಂತ ಯೋಚಿಸಿದ ಮಕ್ಕಳು ಮುಂದೆ ಯಾರೋ ಕೊಟ್ಟ ಅಂಕಿಯನ್ನು ಕಣ್ಣು ಮುಚ್ಚಿ ನಂಬಲ್ಲ.

ಕಾಫಿ ಕುಯ್ಯುವ ಕಾಲಕ್ಕೆ ಕೆಜಿ ಲೆಕ್ಕದ ಕೂಲಿಯನ್ನೂ ಇದೇ ಥರ ಹಾಕಿಸಬಹುದು. ಆದರೆ ಅಂಕಿ ಕಾಲ್ಪನಿಕ ಇರಲಿ. "ನಿಮ್ಮಮ್ಮ ದಿನಕ್ಕೆ ಎಷ್ಟು ಕುಯ್ತಾರೆ, ಎಷ್ಟು ದುಡ್ಡು ಬಂತು" ಅಂತ ತರಗತಿಯಲ್ಲಿ ಕೇಳಬೇಡಿ. ಯಾವ ಮಾಹಿತಿ ಎಲ್ಲರ ಮುಂದೆ ಹೇಳಬಾರದು ಅಂತ ಕಲಿಸುವ ನಾವೇ ಅದನ್ನು ಬಾಯಿ ಬಿಡಿಸಿದರೆ ಹೇಗೆ? ಮಾತು ಬಂದಿದ್ದಕ್ಕೆ ಹೇಳಿಬಿಡ್ತೀನಿ, ಮಕ್ಕಳ ಹೆಸರು, ತರಗತಿ, ಆಧಾರ್ ನಂಬರ್ ಇರುವ ಪಟ್ಟಿಯ ಫೋಟೋಗಳನ್ನು ಶಿಕ್ಷಕರ ಗ್ರೂಪ್‌ಗಳಲ್ಲಿ ಹಾಕೋದು, ಬಹುಮಾನ ಗೆದ್ದ ಹುಡುಗಿಯ ಫೋಟೋ ಸ್ಟೇಟಸ್‌ಗೆ ಹಾಕೋದು, ಇದೆಲ್ಲ ನಿಲ್ಲಬೇಕು. 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳು ಅಂತಲೇ ನೋಡುತ್ತೆ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ.

ಸ್ಕ್ರಾಚ್ ಬಗ್ಗೆ ಎರಡೇ ಮಾತು. ಎಂಐಟಿಯವರು 2007ರಲ್ಲಿ ಬಿಟ್ಟದ್ದು, ಬ್ಲಾಕ್ ಜೋಡಿಸಿ ಕೋಡ್ ಮಾಡೋದು, ಪುಕ್ಕಟೆ, ನೆಟ್ ಇಲ್ಲದೆಯೂ ಓಡುತ್ತೆ. ನಿಮ್ಮ ಹಳೆ ಕಂಪ್ಯೂಟರಿಗೆ ಹೊಸ ಆವೃತ್ತಿ ಭಾರ ಆದರೆ ಹಳೆಯ 1.4 ಹಾಕಿಕೊಳ್ಳಿ. ದೋಣಿ ಸೂಚನೆ ಬರೆದ ಮಕ್ಕಳಿಗೆ ಇದು ಬೇಗ ಹತ್ತುತ್ತೆ.

ಮನೆಯ ಮೊಬೈಲ್ ವಿಷಯ ಇದಕ್ಕಿಂತ ಮುಖ್ಯ. ಲೈನ್ ಮನೆಗಳಲ್ಲಿ ಬ್ಯಾಂಕಿನ ಮೆಸೇಜ್ ಓದೋದು, ರೀಚಾರ್ಜ್ ಮಾಡೋದು, ದುಡ್ಡು ಕಳಿಸೋದು ಎಷ್ಟೋ ಸಲ ಆ ಆರನೇ ಕ್ಲಾಸಿನ ಮಕ್ಕಳೇ. ಅಪ್ಪ ಅಮ್ಮನಿಗೆ ಓದೋಕೆ ಬರದಿದ್ದರೆ ಆ ಮನೆಯ ಬ್ಯಾಂಕ್ ಮ್ಯಾನೇಜರ್ ಈ ಮಗುವೇ. ಅದಕ್ಕೆ ಮೋಸದ ಪಾಠ ಮುಂದೂಡಬೇಡಿ, ಜೂನ್‌ನಲ್ಲೇ ಮಾಡಿ. ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ ಅಥವಾ ಬ್ಯಾಲೆನ್ಸ್ ನೋಡೋಕೆ. ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನ್ ಮಾಡೋದೂ ಬೇಡ. ಬಹುಮಾನ ಬಂದಿದೆ, ಸಬ್ಸಿಡಿ ಬಂದಿದೆ, ಪಿನ್ ಒತ್ತಿ ಅಂದರೆ ಅದು ಕಳ್ಳತನ. ಒಟಿಪಿ ಯಾರು ಕೇಳಿದರೂ ಹೇಳಬಾರದು, ಬ್ಯಾಂಕಿನವರೇ ಅಂದರೂ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ತೆರೆಯಬಾರದು, ಕರೆಯೋಲೆ ಫೋಟೋ ಆಗಿ ಬರುತ್ತೆ, ಆ್ಯಪ್ ಆಗಿ ಬರಲ್ಲ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ ಡಿಜಿಟಲ್ ಅರೆಸ್ಟ್ ಅಂದರೆ ಕರೆ ಕಟ್ ಮಾಡಿ, ಅಂಥದ್ದು ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಮಕ್ಕಳಿಗೇ ಯಾರಾದರೂ ಕೆಟ್ಟದಾಗಿ ಮೆಸೇಜ್ ಮಾಡಿದರೆ, ಫೋಟೋ ಕೇಳಿದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರ್ ತರಗತಿಯ ಗೋಡೆ ಮೇಲೆ ಬರೆಸಿ. ಇದನ್ನೆಲ್ಲ ನಾಟಕ ಮಾಡಿಸಿ ಕಲಿಸಿ. ಒಬ್ಬರು ಮೋಸಗಾರ, ಒಬ್ಬರು ಅಜ್ಜಿ. ಮೋಸಗಾರನ ಪಾತ್ರಕ್ಕೆ ಜನ ಸಾಲುಗಟ್ಟಿ ನಿಲ್ತಾರೆ, ನೋಡ್ತಿರಿ.

ಎಐ? ಮಕ್ಕಳಿಗೆ ಅಕೌಂಟ್ ಮಾಡಿಸಬೇಡಿ, ಈ ವಯಸ್ಸಿಗೆ ಬೇಕಾಗಿಲ್ಲ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಗಳನ್ನು ಅವರ ಕೈಲೇ ಬರೆಸಿ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ಮೊದಲು ಏನು ಮಾಡ್ತಾರೆ, ನಮ್ಮೂರ ದೇವರ ಹಬ್ಬ ಯಾವಾಗ, ಶಾಲೆಯಿಂದ ಶಾಂತಳ್ಳಿಗೆ ಯಾವ ದಾರಿ. ಮೇಲಿನ ರಸ್ತೆಗೆ ಹೋದಾಗ ನಿಮ್ಮ ಫೋನಿನಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ತನ್ನಿ. ಮಕ್ಕಳು ಕೆಂಪು ಪೆನ್ ಹಿಡಿದು ತಿದ್ದಲಿ. ದೊಡ್ಡ ವಿಷಯಗಳನ್ನು ಅದು ಚೆನ್ನಾಗೇ ಹೇಳುತ್ತೆ, ಊರಿನ ಸಣ್ಣ ವಿಷಯಕ್ಕೆ ಬಂದಾಗ ಗೊತ್ತಿಲ್ಲ ಅನ್ನುವ ಬದಲು ಧೈರ್ಯವಾಗಿ ಏನೋ ಒಂದು ಹೇಳಿಬಿಡೋದು ಉಂಟು. ಅದನ್ನು ಒಂದು ಸಲ ಕಣ್ಣಾರೆ ಕಂಡರೆ ಸಾಕು.

ನನಗೇ ಬರಲ್ಲ ಅಂದಿರಲ್ಲ, ಕುಟ್ಟ ದಾಟಿದರೆ ಸಿಗುವ ಕೇರಳದ ಶಾಲೆಗಳನ್ನು ನೋಡಿ. ಅಲ್ಲಿ 2001ರಲ್ಲೇ ಐಟಿ@ಸ್ಕೂಲ್ ಶುರುವಾಯಿತು, ಈಗ ಕೈಟ್ ಅಂತ ಇದೆ. ಹೈಸ್ಕೂಲುಗಳಲ್ಲಿ ಐಟಿ ಕಲಿಸುವವರು ಹೆಚ್ಚಾಗಿ ಭಾಷೆ, ಗಣಿತ, ಸಮಾಜದ ಶಿಕ್ಷಕರೇ. ತರಬೇತಿ ಕೊಟ್ಟು ಅವರನ್ನೇ ತಯಾರು ಮಾಡಿದರು. ಸಾಫ್ಟ್‌ವೇರ್ ಎಲ್ಲ ಪುಕ್ಕಟೆಯದ್ದು. ನೀವು ಕೂಡಿಗೆಯ ಡಯಟ್‌ಗೆ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೆ) ಒಂದು ಪತ್ರ ಬರೆಯಿರಿ, ಇಂಥದ್ದೇ ಬೇಕು ಅಂತ ಬಿಡಿಸಿ ಕೇಳಿ. ಬರೀ "ಕಂಪ್ಯೂಟರ್ ತರಬೇತಿ ಕೊಡಿ" ಅಂದರೆ ಎಂಎಸ್ ಆಫೀಸಿನ ಮೆನು ತೋರಿಸಿ ಕಳಿಸ್ತಾರೆ. ಕ್ಯಾಲ್ಕ್, ಕನ್ನಡ ಯೂನಿಕೋಡ್ ಟೈಪಿಂಗ್, ಸ್ಕ್ರಾಚ್, ಈ ಮೂರು ಅನ್ನಿ.

ಮೊಬೈಲ್ ಕೊಡಬೇಡಿ ಅನ್ನುವ ಪೋಷಕರ ಜೊತೆ ವಾದ ಬೇಡ. ಅವರ ಭಯಕ್ಕೆ ಕಾರಣ ಇದೆ. ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುತ್ತಿಲ್ಲ ಅಂತ ನೇರವಾಗಿ ಹೇಳಿ, ಅದು ನಿಜವೂ ಹೌದು. ಪೋಷಕರ ಸಭೆಯ ದಿನ ಆ ಮೋಸಗಾರ-ಅಜ್ಜಿ ನಾಟಕ ಆಡಿಸಿ. ತೋಟದ ಕೆಲಸ ಬಿಟ್ಟು ಬರೋರಿಗೆ ಅನುಕೂಲ ಆಗುವ ಹೊತ್ತಿಗೆ ಇಟ್ಟುಕೊಳ್ಳಿ, ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಒಂದು ದಿನದ ಕೂಲಿ ಹೋಗುತ್ತೆ.

ಇನ್ನು ಟ್ಯಾಬ್. ಹತ್ತು ಟ್ಯಾಬ್ ಬಂದರೆ ಹತ್ತು ಚಾರ್ಜರ್, ಹತ್ತು ಅಪ್‌ಡೇಟ್, ಯಾವುದಾದರೂ ಒಡೆದರೆ ಯಾರು ಹೊಣೆ ಅನ್ನುವ ತಲೆನೋವು, ಮತ್ತೆ ಕಳೆದೀತು ಅಂತ ಬೀರುವಿನಲ್ಲಿ ಬೀಗ. ಎಷ್ಟೋ ಕಡೆ ಇದೇ ಕಥೆ. ಟ್ಯಾಬಿನಲ್ಲಿ ಟೈಪಿಂಗ್, ಫೈಲು, ಫೋಲ್ಡರ್ ಯಾವುದೂ ನೆಟ್ಟಗೆ ಕಲಿಯೋಕೆ ಆಗಲ್ಲ. ಅದೇ ದುಡ್ಡಿಗೆ ಮಾಲೀಕರ ಹತ್ತಿರ ಬೇರೆ ಕೇಳಿ: ಬ್ಯಾಟರಿ ಚೆನ್ನಾಗಿರುವ ಎರಡು-ಮೂರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಒಂದು ಇನ್ವರ್ಟರ್, ಒಂದು ಸಣ್ಣ ಪ್ರೊಜೆಕ್ಟರ್, ಕೀವಿಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ ಕನ್ನಡ ವಿಕಿಪೀಡಿಯ ತುಂಬಿಸಿದ ಒಂದು ಪೆನ್‌ಡ್ರೈವ್. ವಿಕಿಪೀಡಿಯವನ್ನು ಅದರಲ್ಲಿ ನೆಟ್ ಇಲ್ಲದೆ ಓದಬಹುದು. ಜೊತೆಗೆ ಅವರ ತೋಟದ ಮಳೆ ಪುಸ್ತಕವನ್ನು ಒಂದು ವಾರಕ್ಕೆ ಕಡ ಕೇಳಿ. ಟ್ಯಾಬೇ ಕೊಡ್ತೀನಿ ಅಂತ ಅವರು ಹಟ ಹಿಡಿದರೆ ಎರಡು ಸಾಕು ಅನ್ನಿ, ರಿಪೇರಿ ಖರ್ಚು ಯಾರದ್ದು ಅಂತ ಆಗಲೇ ಬರೆಸಿಕೊಂಡು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲಿ ಸೇರಿಸಿಬಿಡಿ.